ದಾರಿಬುತ್ತಿಯ ಲೆಕ್ಕ: ಶಾಲೆಯ ಎದುರು ಕೂತು ಬರೆದ ಟಿಪ್ಪಣಿಗಳು

ಜೂನ್ 2025, ಶಾಲೆ ಶುರುವಾದ ಎರಡನೇ ವಾರ

ನಮ್ಮ ಮನೆಯ ಜಗಲಿಗೂ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಗೇಟಿಗೂ ನಡುವೆ ಇರುವುದು ಒಂದು ಮಣ್ಣು ರಸ್ತೆ, ಎರಡು ತೆಂಗಿನ ಮರ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ದುಡಿದು ತಿಪಟೂರು ಸೀಮೆಯ ಈ ಊರಿಗೆ ಮರಳಿದ ಮೇಲೆ ಬೆಳಗಿನ ಹೊತ್ತು ಇಲ್ಲೇ ಕೂರುತ್ತೇನೆ. ನಾಡಗೀತೆ ಕೇಳುತ್ತದೆ, ಹಾಲಿನ ಲೋಟಗಳ ಸದ್ದು ಕೇಳುತ್ತದೆ, ಮಗ್ಗಿ ಕೇಳುತ್ತದೆ.

ಇವತ್ತು ಟೀ ಅಂಗಡಿಯಲ್ಲಿ ಕೊಬ್ಬರಿ ವ್ಯಾಪಾರಿಯೊಬ್ಬರು ಮಾತು ತೆಗೆದರು. "ಮೇಷ್ಟ್ರುಗಳಿಗೇನು ಬಿಡಿ ಸಾರ್. ಎಪ್ಪತ್ತು ಸಾವಿರ ಎಣಿಸ್ತಾರೆ, ವರ್ಷದಲ್ಲಿ ಮೂರು ತಿಂಗಳು ರಜ. ನಮ್ಮ ಹಣೇಲಿ ಎಲ್ಲಿ ಬರೆದಿದೆ?" ಸುತ್ತ ಇದ್ದವರೆಲ್ಲ ಹೌದೆಂದರು. ನಾನೂ ತಲೆಯಾಡಿಸಿದೆನೇನೋ.

ಸಂಜೆ ಆ ಶಾಲೆಯ ಅತಿಥಿ ಶಿಕ್ಷಕಿ ಮನೆಗೆ ಬಂದರು. ಪಾಸ್‌ಬುಕ್ ತಂದಿದ್ದರು. "ಸಾರ್, ನೀವು ಬ್ಯಾಂಕಿನೋರು, ಸ್ವಲ್ಪ ನೋಡಿ. ಮಾರ್ಚಿಂದು ಬಂದಿದೆಯೋ ಇಲ್ವೋ ಗೊತ್ತಾಗ್ತಿಲ್ಲ." ನೋಡಿದೆ. ಬಂದಿರಲಿಲ್ಲ. ಕಳೆದ ವರ್ಷ ಅವರಿಗೆ ಗೊತ್ತುಪಡಿಸಿದ್ದು ತಿಂಗಳಿಗೆ 10,000 ರೂಪಾಯಿ. ಈ ಸಲದ ಬಜೆಟ್ಟಿನಲ್ಲಿ 2,000 ಏರಿಸಿರುವುದರಿಂದ ಇನ್ನು 12,000.

ಎಪ್ಪತ್ತು ಸಾವಿರ, ಹನ್ನೆರಡು ಸಾವಿರ. ಇಬ್ಬರೂ ಪಾಠ ಮಾಡುವುದು ಒಂದೇ ಶಾಲೆಯಲ್ಲಿ. ಹಾಜರಿ ಪುಸ್ತಕದ ಬಣ್ಣವೂ ಒಂದೇ. ಮೇಷ್ಟರ ಸಂಬಳ ನ್ಯಾಯವೇ ಎಂದು ಕೇಳಿದರೆ, ಮೊದಲು ಯಾವ ಮೇಷ್ಟರು ಎಂದು ಕೇಳಬೇಕಾಗುತ್ತದೆ. ಇದನ್ನು ಬರೆದಿಡಬೇಕೆಂದು ಈ ನೋಟ್‌ಬುಕ್ಕು ತೆಗೆದೆ.

ಅದೇ ವಾರ

ರಜೆಯ ಲೆಕ್ಕವನ್ನು ಮೊದಲು ಮುಗಿಸಿಬಿಡುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕು. ಶಿಕ್ಷಕರ ವಾರ 45 ಗಂಟೆಯದು, ಪಾಠದ ತಯಾರಿಯೂ ಅದರಲ್ಲೇ ಸೇರಿದೆ. ಬ್ಯಾಂಕಿನಲ್ಲಿ ನನ್ನದೇ ಕೆಲಸದ ದಿನ ಎಣಿಸಿದೆ: ಭಾನುವಾರ, ಎರಡನೇ ನಾಲ್ಕನೇ ಶನಿವಾರ, ಹಬ್ಬ, ಗಳಿಕೆ ರಜೆ, ಸಾಂದರ್ಭಿಕ ರಜೆ ಎಲ್ಲ ಕಳೆದರೆ ಉಳಿಯುವುದು 230 ಚಿಲ್ಲರೆ ದಿನ. ನನ್ನನ್ನು ಯಾರೂ ಟೀ ಅಂಗಡಿಯಲ್ಲಿ ರಜೆಯ ಲೆಕ್ಕ ಕೇಳಲಿಲ್ಲ. ಮೇಷ್ಟರ ರಜೆ ಊರಿಗೆ ಕಾಣುತ್ತದೆ, ಏಕೆಂದರೆ ಆ ದಿನ ಮಕ್ಕಳು ಮನೆಯಲ್ಲಿರುತ್ತಾರೆ.

ಜುಲೈ, ಒಂದು ಬುಧವಾರ

ಮುಖ್ಯಶಿಕ್ಷಕರ ಅನುಮತಿ ಕೇಳಿ ನಲಿ-ಕಲಿ ಕೊಠಡಿಯ ಮೂಲೆಯಲ್ಲಿ ಇಡೀ ದಿನ ಕೂತಿದ್ದೆ. ಅಲ್ಲಿ ಪಾಠ ಮಾಡುವ ಮೇಡಂ ಖಾಯಂ ಶಿಕ್ಷಕಿ, 2007ರಲ್ಲಿ ಸೇವೆಗೆ ಸೇರಿದವರು. ಒಂದು, ಎರಡು, ಮೂರನೇ ತರಗತಿಯ ಇಪ್ಪತ್ತೇಳು ಮಕ್ಕಳು ಒಂದೇ ಕೋಣೆಯಲ್ಲಿ.

ನಲಿ-ಕಲಿ ಮೊಳೆತದ್ದು 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಾಲೆಯ ಮೇಷ್ಟರುಗಳೇ ಇದನ್ನು ನಮ್ಮ ಹಳ್ಳಿಗಳಿಗೆ ಒಗ್ಗಿಸಿಕೊಂಡರು. ಇದರಲ್ಲಿ ಮಗು ಕಲಿಕಾ ಏಣಿಯ ಮೇಲೆ ತನ್ನ ಮೆಟ್ಟಿಲು ತಾನು ಹುಡುಕಿಕೊಳ್ಳುತ್ತದೆ, ಆ ಮೆಟ್ಟಿಲಿನ ಕಾರ್ಡು ತೆಗೆದುಕೊಳ್ಳುತ್ತದೆ, ಅದಕ್ಕೆ ಹೊಂದುವ ತಟ್ಟೆಯ ಗುಂಪಿಗೆ ಹೋಗಿ ಕೂರುತ್ತದೆ. ಒಂದು ಗುಂಪಿಗೆ ಮೇಡಂ ಪೂರ್ತಿ ಬೇಕು, ಇನ್ನೊಂದಕ್ಕೆ ಅರ್ಧ ಬೇಕು, ಮತ್ತೊಂದರಲ್ಲಿ ಮಕ್ಕಳೇ ಮಕ್ಕಳಿಗೆ ಕಲಿಸುತ್ತಾರೆ. ಹೊರಗಿನಿಂದ ನೋಡಿದವರಿಗೆ ಸಂತೆ. ಒಳಗೆ ಕೂತವನಿಗೆ ಕಂಡದ್ದೇ ಬೇರೆ. ಇಪ್ಪತ್ತೇಳು ಮಕ್ಕಳಲ್ಲಿ ಯಾರು ಯಾವ ಮೆಟ್ಟಿಲಿನಲ್ಲಿದ್ದಾರೆ ಎಂಬುದು ಆ ಹೆಂಗಸಿನ ತಲೆಯಲ್ಲಿತ್ತು. ಮೂರು ಶಾಖೆಗಳ ಕ್ಯಾಶ್ ಒಟ್ಟಿಗೆ ತಾಳೆ ನೋಡುವ ಕೆಲಸ ನನಗೆ ಒಮ್ಮೆ ಬಂದಿತ್ತು. ಇದು ಅದಕ್ಕಿಂತ ಕಷ್ಟದ್ದು.

ಗಡಿಯಾರ ಇಟ್ಟುಕೊಂಡು ಗುರುತು ಹಾಕಿದೆ. ಬೆಳಗ್ಗೆ ಹಾಲು: ಪುಡಿ ಕಲಸಿದ 150 ಮಿಲಿಲೀಟರು, ಪ್ರತಿ ಮಗುವೂ ಕುಡಿಯುವವರೆಗೆ ನಿಂತು ನೋಡಬೇಕು. ಬಿಸಿಯೂಟದ ಹಾಜರಿ ಹೊತ್ತಿಗೆ ಸರಿಯಾಗಿ ಹೋಗಬೇಕು. ಒಬ್ಬನ ಆಧಾರ್‌ನಲ್ಲಿರುವ ಹೆಸರಿಗೂ ಎಸ್‌ಎಟಿಎಸ್ ತಂತ್ರಾಂಶದಲ್ಲಿರುವ ಹೆಸರಿಗೂ ಒಂದಕ್ಷರ ವ್ಯತ್ಯಾಸ, ಅವನ ತಾಯಿಯನ್ನು ಕರೆಸಿ ಮಾತಾಡಬೇಕು. ಕ್ಲಸ್ಟರ್‌ನ ವಾಟ್ಸಾಪ್ ಗುಂಪಿನಲ್ಲಿ 'ತುರ್ತು' ಎಂದು ಮಾಹಿತಿ ಕೇಳಿದ್ದರು, ಅದು ಮಧ್ಯಾಹ್ನದೊಳಗೆ ಬೇಕಂತೆ. ಹತ್ತರಿಂದ ನಾಲ್ಕೂಕಾಲಿನವರೆಗೆ ಮೇಡಂ ಹನ್ನೊಂದು ಸಲ ಪಾಠ ನಿಲ್ಲಿಸಿದರು. ಪ್ರತಿ ಸಲವೂ ತಿರುಗಿ ಬಂದು ಬಿಟ್ಟ ಮಗುವಿನ ಹತ್ತಿರವೇ ಕೂತರು. ಒಂದು ಸಲವೂ ತಪ್ಪಲಿಲ್ಲ.

ಸಂಬಳ ಕೇಳಿದೆ, ಸಂಕೋಚವಿಲ್ಲದೆ ಹೇಳಿದರು. ಎಲ್ಲ ಸೇರಿ 70,000ದ ಆಸುಪಾಸು, ಕಡಿತವೆಲ್ಲ ಹೋಗಿ ಕೈಗೆ 60,000ದ ಹತ್ತಿರ. ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಿಂದ ಜಾರಿಗೆ ಬಂದಾಗ ಏರಿದ್ದು. ಆಗ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಹೋಯಿತು, ಮೇಷ್ಟರುಗಳ ವೇತನ ಶ್ರೇಣಿಯೂ ಅದರ ಜೊತೆಗೇ ಮೇಲೆದ್ದಿತು.

ನನ್ನ ಅಭಿಪ್ರಾಯ ಇಲ್ಲೇ ಬರೆದಿಡುತ್ತೇನೆ. ಆ ಕೋಣೆಯಲ್ಲಿ ಆ ಕೆಲಸಕ್ಕೆ 70,000 ಹೆಚ್ಚಲ್ಲ. ನ್ಯಾಯವಾದ ಸಂಬಳ. ಕೊರತೆ ಇರುವುದು ಮುಂದಿನ ದಿನಗಳಿಗೆ: 2006ರ ಏಪ್ರಿಲ್ 1ರ ನಂತರ ಸೇವೆಗೆ ಸೇರಿದವರಿಗೆ ಹಳೆಯ ನಿಶ್ಚಿತ ಪಿಂಚಣಿ ಇಲ್ಲ, ಇರುವುದು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್. ಆ ದಿನಕ್ಕೆ ಮೊದಲೇ ಸೇರಿದ ಮುಖ್ಯಶಿಕ್ಷಕರಿಗೆ ಪಿಂಚಣಿ ಇದೆ, ಮೇಡಂಗೆ ಇಲ್ಲ.

ಎಲ್ಲ ಖಾಯಂ ಶಿಕ್ಷಕರೂ ಹೀಗೇ ದುಡಿಯುತ್ತಾರೆಂದು ನಾನು ಹೇಳುವುದಿಲ್ಲ. ಮಕ್ಕಳಿಗೆ ಉಕ್ತಲೇಖನ ಕೊಟ್ಟು ಚೀಟಿ ವ್ಯವಹಾರದ ಫೋನಿನಲ್ಲಿ ಮುಳುಗಿದವರನ್ನು ಬ್ಯಾಂಕಿನ ದಿನಗಳಿಂದ ಬಲ್ಲೆ. ಅವರಿಗೂ ಇದೇ ಸಂಬಳ. ಆದರೆ ಅಂಥವರನ್ನು ತೋರಿಸಿ ಈ ಮೇಡಂ ಸಂಬಳದ ಬಗ್ಗೆ ಮಾತಾಡುವುದು ತಪ್ಪು.

ಜುಲೈ ಕೊನೆ

ಪಕ್ಕದ ಕೋಣೆಯಲ್ಲಿ ಅತಿಥಿ ಶಿಕ್ಷಕಿ. ಬಿಎ, ಬಿಎಡ್, ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸು. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದಾಗ ಪರೀಕ್ಷೆ ಬರೆದಿದ್ದರು, ಸ್ವಲ್ಪದರಲ್ಲಿ ತಪ್ಪಿತು. ಆರು, ಏಳಕ್ಕೆ ಸಮಾಜ ಮತ್ತು ಕನ್ನಡ ಅವರದು. ನಾಲ್ಕು ವರ್ಷದಿಂದ ಪ್ರತಿ ಜೂನ್‌ನಲ್ಲೂ ಹೊಸದಾಗಿ ಅರ್ಜಿ ಹಾಕಿ ಅದೇ ಶಾಲೆಗೆ ಬರುತ್ತಾರೆ.

ಗುಣಾಕಾರ ಭಾಗಾಕಾರ ನನ್ನ ಕೈಗೆ ಹತ್ತಿದ ಅಭ್ಯಾಸ. ದಿನಕ್ಕೆ ಆರು ಪಿರಿಯಡ್, ತಿಂಗಳಿಗೆ ಇಪ್ಪತ್ತನಾಲ್ಕು ದಿನ ಎಂದರೆ 144 ಪಿರಿಯಡ್. ಮೇಡಂದು ಒಂದು ಪಿರಿಯಡ್‌ಗೆ 486 ರೂಪಾಯಿ ಬಿತ್ತು. ಅತಿಥಿ ಶಿಕ್ಷಕಿಯದು 83.

ಇನ್ನೊಂದು ಕಡೆಯಿಂದ ನೋಡಿದೆ. ಕಳೆದ ವರ್ಷದ 10,000ವನ್ನು 26 ದಿನಕ್ಕೆ ಹಂಚಿದರೆ ದಿನಕ್ಕೆ 384. ಆ ವರ್ಷ ನಮ್ಮ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 349. ಈ ವರ್ಷ 12,000ಕ್ಕೆ 461, ನರೇಗಾ 370. ನರೇಗಾ ಕೆಲಸಕ್ಕೆ ಖಾತರಿ ವರ್ಷಕ್ಕೆ ನೂರೇ ದಿನ ಎಂಬುದು ನಿಜ, ಕೆರೆ ಹೂಳೆತ್ತುವವರ ಕೂಲಿ ಹೆಚ್ಚಾಯಿತು ಎನ್ನುವ ಅರ್ಥವೂ ನನ್ನದಲ್ಲ. ಬಿಸಿಲಿನಲ್ಲಿ ಬೆನ್ನು ಬಗ್ಗಿಸುವವರಿಗೆ ಅದೂ ಕಡಿಮೆಯೇ. ನಮ್ಮ ತೋಟದಲ್ಲಿ ಕಾಯಿ ಕೀಳಲು ಬರುವವನು ದಿನಕ್ಕೆ ಸಾವಿರಕ್ಕೆ ಕಡಿಮೆ ಕೇಳುವುದಿಲ್ಲ, ಪ್ರಾಣ ಒತ್ತೆಯಿಟ್ಟು ಮರ ಹತ್ತುವವನಿಗೆ ಅದು ಸಲ್ಲಬೇಕಾದ್ದೇ. ಆದರೆ ಎರಡು ಪದವಿ ಮಾಡಿ, ಅರ್ಹತಾ ಪರೀಕ್ಷೆ ಪಾಸು ಮಾಡಿ, ನಮ್ಮ ಮಕ್ಕಳಿಗೆ ಸಂವಿಧಾನದ ಪಾಠ ಹೇಳುವವರ ದಿನದ ಬೆಲೆ ಅದರ ಅರ್ಧಕ್ಕಿಂತ ಕಡಿಮೆ ಇರುವುದು ಹೇಗೆ? ಇದನ್ನು ಯಾರು, ಯಾವ ಮೇಜಿನ ಮುಂದೆ ಕೂತು ಸರಿಯೆಂದು ಒಪ್ಪಿಕೊಂಡರು?

ಆ 12,000ವೂ ಜೂನ್‌ನಿಂದ ಮಾರ್ಚ್‌ವರೆಗೆ, ಹತ್ತು ತಿಂಗಳಿಗೆ. ಹನ್ನೆರಡು ತಿಂಗಳಿಗೆ ಹಂಚಿದರೆ ತಿರುಗಿ 10,000ಕ್ಕೇ ಬಂದು ನಿಲ್ಲುತ್ತದೆ. ಇಂಥವರು ರಾಜ್ಯದ ಸರ್ಕಾರಿ ಪ್ರಾಥಮಿಕ, ಪ್ರೌಢಶಾಲೆಗಳಲ್ಲಿ ಸುಮಾರು 50,000 ಮಂದಿ ಇದ್ದಾರೆ. ಇವರು ಒಂದು ದಿನ ಬರದಿದ್ದರೆ ಎಷ್ಟೋ ಶಾಲೆಗಳ ಬೀಗ ತೆಗೆಯುವವರೇ ಇಲ್ಲ.

ಆಗಸ್ಟ್

ಪದಗಳ ಬಗ್ಗೆ. ಅತಿಥಿ ಶಿಕ್ಷಕಿಗೆ ಬರುವ ಹಣಕ್ಕೆ ಸರ್ಕಾರಿ ಕಾಗದದಲ್ಲಿ ಸಂಬಳ ಎಂದಿಲ್ಲ, ವೇತನ ಎಂದೂ ಇಲ್ಲ. 'ಗೌರವಧನ' ಎಂದಿದೆ.

'ಸಂಬಳ' ಸಂಸ್ಕೃತದ ಶಂಬಲದಿಂದ ಬಂದ ಮಾತು. ಶಂಬಲ ಎಂದರೆ ದಾರಿಬುತ್ತಿ, ಪ್ರಯಾಣ ಹೊರಟವನು ಗಂಟು ಕಟ್ಟಿಕೊಂಡು ಹೋಗುವ ಊಟ. ದುಡಿಯುವವನು ಮುಂದಿನ ತಿಂಗಳ ದಾರಿ ನಡೆಯಲು ಬೇಕಾದ ಬುತ್ತಿ. ಗೌರವಧನ ಬೇರೆ. ಸಭೆಗೆ ಬಂದು ಭಾಷಣ ಮಾಡಿದವರಿಗೆ ಹಣ್ಣಿನ ಬುಟ್ಟಿಯೊಂದಿಗೆ ಕೊಡುವುದು. ಅದನ್ನು ಯಾರೂ ಹಕ್ಕಿನಿಂದ ಕೇಳುವುದಿಲ್ಲ, ತಡವಾದರೆ ಜಗಳ ಮಾಡುವುದಿಲ್ಲ. ದಿನವೂ ಆರು ಪಿರಿಯಡ್ ಪಾಠ ಮಾಡುವವರ ದುಡಿಮೆಗೆ ಈ ಪದ ಕೊಟ್ಟ ಕ್ಷಣದಲ್ಲೇ ಕೇಳುವ ಹಕ್ಕು ಅವರ ಕೈಯಿಂದ ಜಾರಿತು ಅನ್ನಿಸುತ್ತದೆ.

ನಮ್ಮ ಹಿರಿಯರಿಗೆ ಈ ಮುಜುಗರ ಇರಲಿಲ್ಲ. ನಮ್ಮ ತಾತ ಓದಿದ್ದು ಕೂಲಿಮಠದಲ್ಲಿ. ಹೆಸರಲ್ಲೇ ಕೂಲಿ ಇದೆ: ಮಕ್ಕಳ ಮನೆಯವರು ಕೊಡುವ ಕೂಲಿಗೆ ಅಯ್ಯನವರು ಅಕ್ಷರ ಹೇಳಿಕೊಡುವ ಜಾಗ. ಮರಳಿನ ಮೇಲೆ ಬೆರಳಿನಿಂದ ತಿದ್ದುವುದು, ತಿಂಗಳಿಗೆ ಇಷ್ಟು ರಾಗಿ, ಇಷ್ಟು ಕಾಸು. ಮಹಾನವಮಿಯಲ್ಲಿ ಮಕ್ಕಳು ಮನೆಮನೆಗೆ ಹೋಗಿ ಚೌಪದ ಹಾಡುತ್ತಿದ್ದರು, ಬಂದ ಕಾಣಿಕೆ ಅಯ್ಯನವರಿಗೆ ಸೇರುತ್ತಿತ್ತು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದರಾಸು ಸರ್ಕಾರಕ್ಕೆ ಬರೆದ ವರದಿಯಲ್ಲಿ ಆ ಜಿಲ್ಲೆಯ 533 ಶಾಲೆಗಳ ಲೆಕ್ಕ ಇದೆ. ಅದರಲ್ಲಿ 235 ಕನ್ನಡದವು. ಕಲಿಯಲು ಶುರುಮಾಡಿದ ಮಗುವಿನಿಂದ ತಿಂಗಳಿಗೆ ಕಾಲು ರೂಪಾಯಿ, ಕಾಗದದ ಮೇಲೆ ಬರೆಯುವ, ದೊಡ್ಡ ಲೆಕ್ಕ ಕಲಿಯುವ ಹಂತ ಮುಟ್ಟಿದರೆ ಅರ್ಧ ರೂಪಾಯಿ. ಊರು ಬಡವಾದ ಹಾಗೆ ಕೂಲಿ ಕೊಡಲಾರದೆ ಶಾಲೆಗಳು ಮುಚ್ಚಿದ್ದನ್ನೂ ಅವನು ಬರೆದಿದ್ದಾನೆ.

ಆ ಕಾಲ ಒಳ್ಳೆಯದಿತ್ತು ಎಂದು ನಾನು ಹೇಳಲಾರೆ. ಕೂಲಿಮಠದ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. ಆದರೆ ಪಾಠಕ್ಕೆ ಒಂದು ಬೆಲೆ ಇದೆ, ಮೇಲಿನ ಪಾಠಕ್ಕೆ ಮೇಲಿನ ಬೆಲೆ ಎಂಬ ನೇರ ಮಾತು ಅಲ್ಲಿತ್ತು.

ಆಗಸ್ಟ್, ಕೊನೆಯ ವಾರ

ಪತ್ರಿಕೆಯಲ್ಲಿ ಓದಿದ ಸುದ್ದಿಯನ್ನು ಎರಡು ಸಲ ಓದಿದೆ. ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರಿಗೆ ತಿಂಗಳಿಗೆ 30,000 ಕೊಡುತ್ತಿದ್ದರು. ಅದೇ ಕೆಲಸದ ಖಾಯಂ ಪ್ರಾಧ್ಯಾಪಕರಿಗೆ ಅದರ ಹಲವು ಪಟ್ಟು. 22ನೇ ತಾರೀಕು ಸುಪ್ರೀಂ ಕೋರ್ಟು ಅವರಿಗೆ ವೇತನ ಶ್ರೇಣಿಯ ಕನಿಷ್ಠ ಮೊತ್ತವನ್ನಾದರೂ ಕೊಡಬೇಕೆಂದು ಹೇಳಿದೆ. ವೇದಿಕೆಗಳಲ್ಲಿ ಗುರುಬ್ರಹ್ಮ ಶ್ಲೋಕ ಹೇಳಿಬಿಟ್ಟರೆ ಸಾಲದು, ಅದು ಶಿಕ್ಷಕರನ್ನು ನಡೆಸಿಕೊಳ್ಳುವ ರೀತಿಯಲ್ಲಿ ಕಾಣಬೇಕು ಎಂಬ ಅರ್ಥದ ಮಾತನ್ನೂ ನ್ಯಾಯಮೂರ್ತಿಗಳು ಆಡಿದ್ದಾರೆ. ಹಂಗಾಮಿ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಎಂದು ಅದೇ ಕೋರ್ಟು 2016ರಲ್ಲೇ, ಪಂಜಾಬಿನ ಪ್ರಕರಣದಲ್ಲಿ ಹೇಳಿತ್ತು.

ಹೇಳಿ ಒಂಬತ್ತು ವರ್ಷವಾದರೂ ಪ್ರತಿಯೊಬ್ಬರೂ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿಯೇ ಪಡೆಯಬೇಕೇ? ನಮ್ಮೂರ ಶಿಕ್ಷಕಿ ವಕೀಲರ ಫೀಜಿಗೆ ಎಲ್ಲಿಂದ ತರಬೇಕು?

ಸೆಪ್ಟೆಂಬರ್ 5 ಕಳೆದು

ಶಿಕ್ಷಕರ ದಿನದಂದು ಶಾಲೆಯಲ್ಲಿ ಹಾರ, ಶಾಲು, ಮಕ್ಕಳ ಡ್ಯಾನ್ಸು. ಆದರೆ ಮೇಡಂ ಮುಖ ಬಾಡಿತ್ತು. ತಿಂಗಳ ಮೊದಲ ದಿನವೇ ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪು ಬಂದಿತ್ತು: ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ಟಿಇಟಿ ಎಂಬುದು ಹುಟ್ಟುವ ಮೊದಲೇ ಕೆಲಸಕ್ಕೆ ಸೇರಿದವರೂ ಇದರಲ್ಲಿ ಸೇರಿದರು.

ಈಗ ದಿನವೂ ನಾಲ್ಕೂವರೆಯ ಮೇಲೆ ಇನ್ನೊಂದು ಪಾಠ ನಡೆಯುತ್ತದೆ. ಅತಿಥಿ ಶಿಕ್ಷಕಿ ತಮ್ಮ ಹಳೆಯ ಟಿಇಟಿ ನೋಟ್ಸು ತಂದು ಮೇಡಂಗೆ ಹೇಳಿಕೊಡುತ್ತಾರೆ. ಶಿಶು ಮನೋವಿಜ್ಞಾನ, ಪಿಯಾಜೆಯ ಹಂತಗಳು. ಮಧ್ಯದಲ್ಲಿ ಮೇಡಂ "ಇದು ಪುಸ್ತಕದಲ್ಲಿ ಹೀಗಿದೆ, ಆದ್ರೆ ನಮ್ಮ ಎರಡನೇ ತಟ್ಟೆ ಮಕ್ಕಳು ಹೀಗೆ ಮಾಡಲ್ಲ ಕಣಮ್ಮಾ" ಎಂದು ತಿದ್ದುತ್ತಾರೆ. ಇಬ್ಬರೂ ಒಬ್ಬರಿಂದೊಬ್ಬರು ಕಲಿಯುತ್ತಿದ್ದಾರೆ.

ಜಗಲಿಯಿಂದ ಇದನ್ನು ನೋಡುವಾಗ ನನಗೆ ಕಾಣುವುದು ಇಷ್ಟು: ಬೆಲೆ ಅರ್ಹತೆಗೆ ಕಟ್ಟಿದ್ದಲ್ಲ, ಏಕೆಂದರೆ ಪರೀಕ್ಷೆ ಪಾಸಾದವರಿಗೆ 12,000. ಬೆಲೆ ಕೆಲಸಕ್ಕೆ ಕಟ್ಟಿದ್ದೂ ಅಲ್ಲ, ದಿನಕ್ಕೆ ಆರು ಪಿರಿಯಡ್ ಪಾಠ ಇಬ್ಬರದೂ. ಅನುಭವಕ್ಕೆ ಇಷ್ಟು ಹೆಚ್ಚು ಎಂದು ಕೊಡಲಿ, ಒಪ್ಪುತ್ತೇನೆ. ಹದಿನೆಂಟು ವರ್ಷದ ಅನುಭವಕ್ಕೆ ಒಂದೂವರೆ ಪಟ್ಟು, ಎರಡು ಪಟ್ಟು. ಆರು ಪಟ್ಟು ಅನುಭವದ ಬೆಲೆ ಅಲ್ಲ. ಅದು ಯಾವ ಫೈಲಿನ ಮೂಲಕ ಒಳಗೆ ಬಂದರು ಎಂಬುದರ ಬೆಲೆ.

ಅಕ್ಟೋಬರ್, ಸಮೀಕ್ಷೆಯ ದಿನಗಳು

ಸೆಪ್ಟೆಂಬರ್ 22ಕ್ಕೆ ಶುರುವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ದಸರಾ ರಜೆಯನ್ನು ನುಂಗಿತು. ಖಾಯಂ ಶಿಕ್ಷಕರೇ ಗಣತಿದಾರರು. ನಮ್ಮ ಮುಖ್ಯಶಿಕ್ಷಕರಿಗೆ ಬಂದದ್ದು ಆರು ಕಿಲೋಮೀಟರು ದೂರದ ತೋಟದ ಮನೆಗಳು. ಆ್ಯಪು ತೆರೆಯುವುದಿಲ್ಲ, ಓಟಿಪಿ ಬರುವುದಿಲ್ಲ, ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಬೇಕು. ನಾಯಿಗಳು ಬೇರೆ. ಕೊನೆಗೆ ಸರ್ಕಾರಿ, ಅನುದಾನಿತ ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಿದರು.

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಶಿಕ್ಷಕರನ್ನು ಮೂರು ಹೊರಗಿನ ಕೆಲಸಕ್ಕೆ ಮಾತ್ರ ಬಳಸಬಹುದು ಎನ್ನುತ್ತದೆ: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ಈ ಸಮೀಕ್ಷೆ ಆ ಮೂರರಲ್ಲಿ ಯಾವುದೂ ಅಲ್ಲ. ಸಮೀಕ್ಷೆ ಬೇಡ ಎಂದಲ್ಲ, ಬೇಕಾದ್ದೇ. ಮೇಷ್ಟರೇ ಏಕೆ ಎಂಬುದು ಪ್ರಶ್ನೆ.

ಗಣತಿದಾರರಿಗೆ ತಲಾ 20,000 ರೂಪಾಯಿವರೆಗೆ ಗೌರವಧನ ಎಂದು ಸರ್ಕಾರ ಹೇಳಿತ್ತು. ಓಡಾಟಕ್ಕೆ ನೋಡಿದರೆ ಅದು ಹೆಚ್ಚಲ್ಲ. ಆದರೆ ಒಂದು ಸಂಗತಿ ಗಮನಿಸಿ. ಕೆಲವು ವಾರ ಮನೆ ಎಣಿಸುವ ಕೆಲಸಕ್ಕೆ 20,000 ನಿಗದಿ ಮಾಡಬಲ್ಲ ಸರ್ಕಾರಕ್ಕೆ ಒಂದು ತಿಂಗಳು ಮಕ್ಕಳಿಗೆ ಕಲಿಸುವ ಕೆಲಸಕ್ಕೆ 12,000 ಸಾಕೆನಿಸುತ್ತದೆ. ಮತಗಟ್ಟೆ ಮಟ್ಟದ ಅಧಿಕಾರಿಯ (ಬಿಎಲ್ಒ) ಕೆಲಸಕ್ಕೆ ವರ್ಷಕ್ಕೆ ಕೊಡುತ್ತಿದ್ದ 6,000ವನ್ನು ಚುನಾವಣಾ ಆಯೋಗ ಇದೇ ಆಗಸ್ಟ್‌ನಲ್ಲಿ 12,000 ಮಾಡಿತು. ಹೊರಗಿನ ಪ್ರತಿ ಕೆಲಸಕ್ಕೂ ಬೆಲೆ ಕಟ್ಟಲು ಯಾರಾದರೊಬ್ಬರು ಇದ್ದಾರೆ. ಒಳಗಿನ ಕೆಲಸಕ್ಕೆ ಬೆಲೆ ಕಟ್ಟುವವರು ಕಾಣುವುದಿಲ್ಲ.

ಅಕ್ಟೋಬರ್ ಕೊನೆ

ಅತಿಥಿ ಶಿಕ್ಷಕಿಯ ಖಾತೆಗೆ ಜೂನ್, ಜುಲೈ, ಆಗಸ್ಟ್ ಮೂರೂ ತಿಂಗಳ ಹಣ ಈಗ ಒಟ್ಟಿಗೆ ಬಂದಿದೆ. ಸರ ಬಿಡಿಸಿಕೊಳ್ಳಲು ಹೊರಟಿದ್ದರು. ಜುಲೈನಲ್ಲಿ ಮಗನ ಫೀಜಿಗೆ ಅದನ್ನು ಅಡವಿಟ್ಟಿದ್ದರಂತೆ.

ಒಡವೆ ಸಾಲದ ಕೌಂಟರಿನಲ್ಲಿ ಹತ್ತು ವರ್ಷ ಕೂತವನು ನಾನು. ಜುಲೈನಲ್ಲಿ ಸರ ಇಡುವ, ದಸರಾ ದೀಪಾವಳಿ ಹೊತ್ತಿಗೆ ಬಿಡಿಸಿಕೊಳ್ಳುವ ಹೆಂಗಸರನ್ನು ವರ್ಷ ವರ್ಷ ನೋಡಿದ್ದೆ. ಬೇಸಾಯದ ಖರ್ಚಿಗೆ ಎಂದುಕೊಂಡಿದ್ದೆ. ಅವರಲ್ಲಿ ಎಷ್ಟು ಜನ ಶಿಕ್ಷಕಿಯರಿದ್ದರೋ, ಒಬ್ಬರನ್ನೂ ಕೇಳಲಿಲ್ಲ. ಆ ಮೂರು ತಿಂಗಳ ಬಡ್ಡಿ ಕಟ್ಟಿದವರು ಅವರು. ತಡ ಮಾಡಿದವರು ಕಟ್ಟಲಿಲ್ಲ.

ನವೆಂಬರ್

ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಮೊಟ್ಟೆಯ ವಿಷಯ. ಒಂದು ಮೊಟ್ಟೆಗೆ ಶಾಲೆಗೆ ಬರುವುದು 6 ರೂಪಾಯಿ. ತರುವ, ಬೇಯಿಸುವ, ಸುಲಿಯುವ ಖರ್ಚೂ ಅದರಲ್ಲೇ. ನಮ್ಮೂರ ಅಂಗಡಿಯಲ್ಲಿ ಈಗ ಮೊಟ್ಟೆ 7. ಮೊಟ್ಟೆ ತಿನ್ನುವ ಮಕ್ಕಳು ಅರವತ್ತು, ತಿಂಗಳಿಗೆ ಇಪ್ಪತ್ತನಾಲ್ಕು ದಿನ. ಕನಿಷ್ಠವೆಂದರೂ 1,440 ರೂಪಾಯಿ ಮುಖ್ಯಶಿಕ್ಷಕರ ಜೇಬಿನಿಂದ. "ಮಕ್ಕಳ ಬಾಯಿಗೆ ಹೋಗೋದಲ್ವ ಸಾರ್, ಲೆಕ್ಕ ಹಾಕಬಾರದು" ಎಂದರು. ಅವರು ಹಾಕಬಾರದು, ನಿಜ. ನಾವು ಹಾಕಬೇಕು. ಅಡುಗೆ ಮಾಡುವ ಹೆಂಗಸರಿಗೆ ಸಿಗುವುದು ಈ ಶಿಕ್ಷಕರೆಲ್ಲರಿಗಿಂತ ಕಡಿಮೆ, ಅವರದ್ದೇ ಬೇರೆ ಪುಸ್ತಕ ಬರೆಯಬೇಕು.

ನವೆಂಬರ್, ತಮ್ಮನ ಸೊಸೆ ಬಂದಿದ್ದಾಗ

ಅವಳು ಪಟ್ಟಣದ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯೊಂದರಲ್ಲಿ ಗಣಿತ ಹೇಳುತ್ತಾಳೆ. ಎಂಎಸ್ಸಿ, ಬಿಎಡ್. ತಿಂಗಳಿಗೆ 9,000. ದಿನಕ್ಕೆ ಏಳು ಪಿರಿಯಡ್, ಇಪ್ಪತ್ತೈದು ದಿನ. ಭಾಗಿಸಿದೆ: ಪಿರಿಯಡ್‌ಗೆ 51 ರೂಪಾಯಿ. ಬೆಳಗ್ಗೆ ಶಾಲಾ ಬಸ್ಸಿನಲ್ಲಿ ಮಕ್ಕಳನ್ನು ಇಳಿಸಿ ಹತ್ತಿಸುವ ಕೆಲಸಕ್ಕೆ ಏನೂ ಇಲ್ಲ. ಮೂಲ ಅಂಕಪಟ್ಟಿಗಳು ಶಾಲೆಯ ಬೀರುವಿನಲ್ಲಿವೆ, ವರ್ಷದ ನಡುವೆ ಬಿಟ್ಟು ಹೋಗದಿರಲಿ ಎಂದು.

"ಯಾಕಮ್ಮ ಇಷ್ಟಕ್ಕೆ ಒಪ್ಕೊಂಡೆ?" ಎಂದೆ.

"ದೊಡ್ಡಮಾವ, ಸೇರುವಾಗ ಅವರು ಕೇಳಿದ ಮೊದಲನೇ ಪ್ರಶ್ನೆಯೇ ಯಜಮಾನರು ಏನ್ ಮಾಡ್ತಾರೆ ಅಂತ."

ಈ ಉತ್ತರ ರಾತ್ರಿಯೆಲ್ಲ ಕೊರೆಯಿತು. ಗಂಡನಿಗೆ ಸಂಬಳ ಇದೆ, ಹೆಂಡತಿಯದು ಕೈಖರ್ಚಿಗೆ ಎಂಬ ಎಣಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಇಂಥ ಶಾಲೆಗಳ ಸ್ಟಾಫ್ ರೂಮಿನಲ್ಲಿ ಹೆಂಗಸರೇ ಹೆಚ್ಚು. ಆ ಎಣಿಕೆಯ ಲಾಭ ಶಾಲೆಗೆ ಬಂದರೂ ಪೋಷಕರ ಫೀಜಂತೂ ಇಳಿದಿಲ್ಲ. ಕೋವಿಡ್ ಬಂದಾಗ ಅವಳಿಗೆ ತಿಂಗಳುಗಟ್ಟಲೆ ಏನೂ ಬರಲಿಲ್ಲ. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ ಒಂದು ಸಲ 5,000 ರೂಪಾಯಿ ಪರಿಹಾರ ಘೋಷಿಸಿತು, ಅಷ್ಟೇ.

ಕಾನೂನಿನಲ್ಲಿ ಏನಿದೆ ಎಂದು ಹುಡುಕಿದೆ. ತುಮಕೂರಿನ ವಕೀಲ ಮಿತ್ರರು ಮೂರು ತೀರ್ಪು ತೋರಿಸಿದರು. 1988, ಗೋವಾದ ಶಿಕ್ಷಕಿಯ ಪ್ರಕರಣ: ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕೆಲಸಗಾರರಲ್ಲ, ಅವರದು ಉದಾತ್ತ ವೃತ್ತಿ. 1996, ಹರಿಯಾಣದ ಪ್ರಕರಣ: ಕನಿಷ್ಠ ವೇತನ ಕಾಯ್ದೆಯಲ್ಲಿರುವುದು ಕೈಕೆಲಸ, ಗುಮಾಸ್ತಗಿರಿಯಂಥವು, ಶಿಕ್ಷಕರು ಅದರಲ್ಲಿ ಬರುವುದಿಲ್ಲ. 2004, ಅಹಮದಾಬಾದಿನದು: ಗ್ರಾಚ್ಯುಟಿಯೂ ಇಲ್ಲ. ಗ್ರಾಚ್ಯುಟಿಯನ್ನು ಸಂಸತ್ತು 2009ರಲ್ಲಿ ತಿದ್ದುಪಡಿ ತಂದು, 1997ರಿಂದಲೇ ಅನ್ವಯವಾಗುವಂತೆ ಕೊಟ್ಟಿತು. ಖಾಸಗಿ ಶಾಲೆಗಳು ಅದನ್ನೂ ಪ್ರಶ್ನಿಸಿದವು, 2022ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಈ ತಿಂಗಳು 21ರಿಂದ ಜಾರಿಗೆ ಬಂದಿರುವ 2019ರ ವೇತನ ಸಂಹಿತೆಯ ವ್ಯಾಖ್ಯೆಯನ್ನೂ ಓದಿದೆ. ಕುಶಲ, ಅಕುಶಲ, ತಾಂತ್ರಿಕ, ಆಡಳಿತ, ಮೇಲ್ವಿಚಾರಣೆ, ಗುಮಾಸ್ತಗಿರಿ ಎಲ್ಲ ಇದೆ. ಬೋಧನೆ ಎಂಬ ಪದ ಅಲ್ಲಿಲ್ಲ.

ಅಂದರೆ ಶಾಲಾ ಬಸ್ಸಿನ ಡ್ರೈವರಿಗೆ ಇಷ್ಟಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂದು ಹೇಳುವ ಕಾನೂನು ಇಷ್ಟು ವರ್ಷ ಇತ್ತು. ಅದೇ ಬಸ್ಸಿನಲ್ಲಿ ಮಕ್ಕಳನ್ನು ಕಾಯುವ ಗಣಿತ ಮಿಸ್ಸಿಗೆ ಇರಲಿಲ್ಲ. ವೃತ್ತಿ ಉದಾತ್ತ ಎಂಬ ಕಾರಣಕ್ಕೇ ಕನಿಷ್ಠದ ರಕ್ಷಣೆ ತಪ್ಪುವುದು ನನ್ನ ಬುದ್ಧಿಗೆ ಒಗ್ಗುವುದಿಲ್ಲ. ಎಷ್ಟು ಸಲ ಓದಿದರೂ ಒಗ್ಗುವುದಿಲ್ಲ.

ಜನವರಿ 2026

486, 83, 51. ಮೂರನ್ನೂ ಒಂದರ ಕೆಳಗೊಂದು ಬರೆದು ನೋಡುತ್ತಿದ್ದೇನೆ. ಏಳನೇ ತರಗತಿಯ ಭಿನ್ನರಾಶಿ ಯಾರು ಹೇಳಿಕೊಟ್ಟರೂ ಒಂದೇ. ಅರ್ಧಕ್ಕೆ ಕಾಲು ಸೇರಿಸಿದರೆ ಮುಕ್ಕಾಲು ಎಂಬುದು ಸಂಬಳ ನೋಡಿ ಬದಲಾಗುವುದಿಲ್ಲ.

ಇದಕ್ಕೆ ಉತ್ತರ ಹೊಸದಾಗಿ ಹುಡುಕಬೇಕಾಗಿಲ್ಲ. ಕೊಠಾರಿ ಆಯೋಗ 1966ರಲ್ಲೇ ಬರೆದಿಟ್ಟಿತು: ಒಂದೇ ವರ್ಗದ ಶಿಕ್ಷಕರು ಸರ್ಕಾರದ ಕೈಕೆಳಗಿರಲಿ, ಸ್ಥಳೀಯ ಸಂಸ್ಥೆಯಲ್ಲಿರಲಿ, ಖಾಸಗಿ ಆಡಳಿತದಲ್ಲಿರಲಿ, ವೇತನ ಶ್ರೇಣಿ ಒಂದೇ ಆಗಬೇಕು. ಈ ವರ್ಷಕ್ಕೆ ಅರವತ್ತು ವರ್ಷವಾಯಿತು.

ಟೀ ಅಂಗಡಿಯಲ್ಲಿ ಕೊಬ್ಬರಿ ವ್ಯಾಪಾರಿಗೆ ಈ ಮೂರು ಅಂಕಿ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಅವರ ಮೊಮ್ಮಗಳು ಅತಿಥಿ ಶಿಕ್ಷಕಿಯ ಕ್ಲಾಸಿನಲ್ಲೇ ಇದ್ದಾಳೆ. "ನಮ್ಮ ಪಾಪುಗೆ ಓದು ಹತ್ತಿಸಿದ್ದು ಆಯಮ್ಮನೇ ಸಾರ್. ಹನ್ನೆರಡು ಸಾವಿರ ಅಂತ ಗೊತ್ತಿರಲಿಲ್ಲ" ಎಂದರು. ಊರಿಗೆ ಗೊತ್ತಿದ್ದದ್ದು ಎಪ್ಪತ್ತು ಸಾವಿರ ಮಾತ್ರ.

ಮಾರ್ಚ್, ಕೊನೆಯ ದಿನ

ಏಳನೇ ತರಗತಿಯ ಬೀಳ್ಕೊಡುಗೆ ಆಯಿತು. ಸಂಜೆ ಅತಿಥಿ ಶಿಕ್ಷಕಿ ತಮ್ಮ ಚೀಲಕ್ಕೆ ನಕಾಶೆ, ಸೀಮೆಸುಣ್ಣದ ಡಬ್ಬಿ, ಟಿಇಟಿ ನೋಟ್ಸು ತುಂಬಿಕೊಂಡರು. ಏಪ್ರಿಲ್, ಮೇ ಅವರಿಗೆ ಏನೂ ಇಲ್ಲ. ಪಕ್ಕದೂರಿನ ಗಾರ್ಮೆಂಟ್ಸಿಗೆ ಎರಡು ತಿಂಗಳು ಹೋಗುತ್ತಾರಂತೆ. "ಜೂನ್‌ಗೆ ಮತ್ತೆ ಅರ್ಜಿ ಹಾಕ್ತೀನಿ ಸಾರ್" ಎಂದರು.

ಓದುವವರಲ್ಲಿ ಒಂದು ಕೋರಿಕೆ. ಜೂನ್‌ನಲ್ಲಿ ನಿಮ್ಮೂರಿನ ಶಾಲೆ ಬಾಗಿಲು ತೆಗೆದಾಗ ಒಮ್ಮೆ ಹೋಗಿ. ಅಲ್ಲಿ ಎಷ್ಟು ಅತಿಥಿ ಶಿಕ್ಷಕರಿದ್ದಾರೆ, ಅವರಿಗೆ ಯಾವ ತಿಂಗಳವರೆಗಿನ ಹಣ ಬಂದಿದೆ ಎಂದು ಮುಖ್ಯಶಿಕ್ಷಕರನ್ನು ಕೇಳಿ. ಉತ್ತರವನ್ನು ಎಸ್‌ಡಿಎಂಸಿ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಪ್ರತಿಯನ್ನು ನಿಮ್ಮ ಶಾಸಕರ ಕೈಗೆ ಕೊಡಿ. ನಿಮ್ಮ ಮಗು ಖಾಸಗಿ ಶಾಲೆಯಲ್ಲಿದ್ದರೆ ಫೀಜು ಕಟ್ಟುವ ದಿನ, ಇದರಲ್ಲಿ ಟೀಚರ್ ಕೈಗೆ ಎಷ್ಟು ಹೋಗುತ್ತದೆ ಎಂದು ರಸೀದಿ ಬರೆಯುವವರನ್ನು ಕೇಳಿ.